ಹಲ್ಲಿನಲ್ಲಿ ಸುಲಿದ ಕಬ್ಬು

ಧೈರ್ಯವಿದ್ದರೆ ನನ್ನನ್ನು ನಂಬದೆ ಇದ್ದು ನೋಡಿ. ಇಡೀ ಬ್ಯಾಟರಾಯನಪುರದಲ್ಲಿ ಹಲ್ಲಿನಿಂದಲೇ ಕಬ್ಬು ಸುಲಿಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅದೂ ಎಂಥ ಬಾಯಲ್ಲಿ! ನನ್ನ ಕೆಳದವಡೆ ಮುಂದಕ್ಕೆ ಚಾಚಿದೆ. ಬಾಯಿ ಮುಚ್ಚಿದರೆ ಕೆಳಗಿನ ಹಲ್ಲು ಮೇಲಿನದರ ಮುಂದೆ ಬಂದು ನಿಲ್ಲುತ್ತದೆ. ಎರಡೂ ಒಂದಕ್ಕೊಂದು ತಾಗುವುದೇ ಇಲ್ಲ. ಗುಟ್ಟು ಇಷ್ಟೇ: ಸಂಕ್ರಾಂತಿಯ ಬೆಳಿಗ್ಗೆ ಹಿತ್ತಲಲ್ಲಿ ಕೂತು ಸದಾ ಜೇಬಿನಲ್ಲಿರುವ ಸಣ್ಣ ಚಾಕುವಿನಿಂದ ಸಿಪ್ಪೆ ಸೀಳಿ, ಮತ್ತೆ ಹಾಗೇ ಒತ್ತಿಟ್ಟಿರುತ್ತಿದ್ದೆ. ಎಲ್ಲರೆದುರು ಕಚ್ಚಿದಂತೆ ಮಾಡಿ ಎಳೆದರೆ ಸರ್ರನೆ ಬರುತ್ತಿತ್ತು. ಹೆಂಡತಿಗೂ ಗೊತ್ತಿರಲಿಲ್ಲ.

ಆ ದವಡೆ ಮೊಮ್ಮಗಳಿಗೂ ಬಂತು. ಅಗಿಯುವಾಗ ಅವಳಿಗೆ ಕಿವಿಯ ಹತ್ತಿರ ನೋವು. ಹದಿನೆಂಟು ತುಂಬಿದ ಮೇಲೆ ಆರ್.ಟಿ. ನಗರದ ಹಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ.

"ನೋಡಮ್ಮಾ, ಕ್ಲಿಪ್ ಹಾಕಿದ್ರೆ ಹಲ್ಲು ಸಾಲಾಗುತ್ತೆ, ದವಡೆ ಹಂಗೇ ಇರುತ್ತೆ. ಕೆಳಗಡೆ ಎರಡು ಹಲ್ಲು ಕೀಳ್ಬೇಕು, ಅದು ವಾಪಸ್ ಬರಲ್ಲ. ಸರಿಯಾಗಿ ಅಗೀಬೇಕು ಅಂದ್ರೆ ಆಪರೇಷನ್ನೇ. ಮೂಳೆ ಕತ್ತರಿಸಿ ಹಿಂದಕ್ಕೆ ಕೂರಿಸ್ತಾರೆ. ತುಟಿ ಜೋಮು ಹಿಡಿದಂಗೆ ಉಳ್ಕೋಬೋದು. ನನ್ನ ಕೇಳಿದ್ರೆ ಆಪರೇಷನ್."

"ಯಾಕ್ ಮೇಡಂ? ನಮ್ ತಾತನ್ನ ನೋಡಿ, ಇದೇ ದವಡೆ. ಹಲ್ಲಲ್ಲೇ ಕಬ್ಬು ಸುಲೀತಾರೆ!"

ಡಾಕ್ಟರು ನನ್ನ ಬಾಯನ್ನೇ ದಿಟ್ಟಿಸಿದರು. "ಹೌದಾ ಯಜಮಾನ್ರೇ? ಈ ಬಾಯಲ್ಲಾ?"

ನಾನು ಜೇಬಿನಿಂದ ಚಾಕು ತೆಗೆದು ಮೇಜಿನ ಮೇಲಿಟ್ಟೆ. ಎಲ್ಲ ಹೇಳಿದೆ. ಮೊಮ್ಮಗಳು ನನ್ನ ಕಡೆ ನೋಡಿ ನಕ್ಕಳು.

"ನಂಗೆ ಕ್ಲಿಪ್ಪೇ ಸಾಕು ಮೇಡಂ."

ಎರಡು ಹಲ್ಲು ಕಿತ್ತರು. ಎರಡು ವರ್ಷಕ್ಕೆ ಹಲ್ಲೇನೋ ಸಾಲಾದವು, ನೋವು ಹೋಗಲಿಲ್ಲ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಾಳೆ. ಮೊನ್ನೆ ಡಾಕ್ಟರು ಹೇಳಿದರು: ಈಗ ಆಪರೇಷನ್ ಬೇಕೆಂದರೆ ಮತ್ತೆ ಕ್ಲಿಪ್ ಹಾಕಿ, ಸಾಲು ಮಾಡಿದ ಹಲ್ಲನ್ನೆಲ್ಲ ಮೊದಲಿದ್ದ ಕಡೆಗೆ ತಳ್ಳಬೇಕು. ದವಡೆ ಕತ್ತರಿಸುವುದು ಆಮೇಲೆ. ಕಿತ್ತ ಹಲ್ಲಂತೂ ವಾಪಸ್ ಬರುವ ಮಾತೇ ಇಲ್ಲ. ಬಸ್ಸಿನಲ್ಲಿ ಮನೆಯವರೆಗೂ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಈ ಸಂಕ್ರಾಂತಿಗೆ ನಾನು ಎಲ್ಲರ ಮುಂದೆಯೇ ಚಾಕುವಿನಿಂದ ಕಬ್ಬು ಸುಲಿದು, ಚೂರು ಚೂರು ಮಾಡಿ ಅವಳ ತಟ್ಟೆಗೆ ಹಾಕಿದೆ. ಒಂದನ್ನು ಬಾಯಿಗಿಟ್ಟುಕೊಂಡು, ಕೆನ್ನೆ ಒತ್ತಿ ಹಿಡಿದು ಚೀಪುತ್ತ ಕೇಳಿದಳು:

"ಯಾಕ್ ತಾತ, ಈ ಸಲ ಹಲ್ಲಲ್ಲಿ ಸುಲಿಯಲ್ವಾ?"

ಇಷ್ಟು ಹೇಳಿದ್ದರಲ್ಲಿ ಒಂದನ್ನು ಮಾತ್ರ ಕಟ್ಟಿ ಹೇಳಿದ್ದೇನೆ. ಡಾಕ್ಟರ ಮೇಜಿನ ಮೇಲೆ ಚಾಕು ಇಟ್ಟು ಎಲ್ಲ ಹೇಳಿದ್ದು. ಆ ದಿನ ನಾನು ಮೀಸೆ ತಿರುವಿ, "ಹೌದು ಮೇಡಂ, ಇದೇ ಬಾಯಲ್ಲಿ" ಎಂದೆ. ಚಾಕು ಜೇಬಿನಲ್ಲೇ ಇತ್ತು.