ಪರೀಕ್ಷಾ ಮೈದಾನದ ಜೋಳದ ಗಾಡಿ

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಅಂಗಿಗಳಿಗೆ ಗುಂಡಿ ಹಾಕಿದವಳು ಆಕೆ. ಹಾಗಾಗಿ ಬೀದಿಗೆಲ್ಲ ಗುಂಡಿ ಅಕ್ಕ. ಕಾರ್ಖಾನೆಗೆ ಬೀಗ ಬಿದ್ದಾಗ ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ಮನೆಯ ಟಿ.ವಿ. ಮಾರಿ ಹಳೆಯ ತಳ್ಳುಗಾಡಿ, ಒಲೆ, ದೊಡ್ಡ ಪಾತ್ರೆ ತಂದಳು.

"ನನ್ನ ಧಾರಾವಾಹಿ?" ಎಂದರು ಅತ್ತೆ, ಖಾಲಿ ಗೋಡೆ ನೋಡುತ್ತ.

"ನನ್ ಜೊತೆ ಬನ್ನಿ ಅತ್ತೆ, ದಿನಾ ಹೊಸದು ತೋರಿಸ್ತೀನಿ."

ನಾಲ್ಕು ದಿನ ಊರು ಸುತ್ತಿಯೇ ಆಕೆ ಜಾಗ ಆರಿಸಿದ್ದಳು. ಡ್ರೈವಿಂಗ್ ಪರೀಕ್ಷೆಯ ಮೈದಾನದ ಗೇಟಿನಲ್ಲಿ ಬೆಳಗ್ಗೆ ಎಂಟರಿಂದಲೇ ಜನ ಸಾಲುಗಟ್ಟುತ್ತಿದ್ದರು. ಕಚ್ಚಲು ಉಗುರು ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ.

ಮನೆಗಳಿಗೆ ಬಣ್ಣ ಬಳಿಯುವ ಗಂಡನಿಗೆ ಅನುಮಾನ. "ಹೆದರಿಕೊಂಡೋರಿಗೆ ಹಸಿವಾಗುತ್ತೇನೇ?"

"ಪಾಸಾದೋರು ಖುಷಿಗೆ ತಿಂತಾರೆ, ಫೇಲಾದೋರು ಬೇಜಾರಿಗೆ ತಿಂತಾರೆ. ನೀವು ಗಾಡಿಗೆ ಬಣ್ಣ ಹೊಡೀರಿ, ಸಾಕು."

ಬೇಯಿಸಿದ ಮೆಕ್ಕೆಜೋಳದ ಕಾಳಿಗೆ ಉಪ್ಪು, ಖಾರ, ನಿಂಬೆರಸ ಬೆರೆಸಿ ಪೊಟ್ಟಣದಲ್ಲಿ ಕೊಡುವುದು, ಇಷ್ಟೇ ವ್ಯಾಪಾರ. ಮೊದಲ ದಿನ ಗಾಳಿಗೆ ಒಲೆ ಆರಿ ಆರಿ ಕಾಳು ಅರೆಬೆಂದಿತು. "ಏನಮ್ಮ, ಕಲ್ಲು ಮಾರ್ತಿದೀಯಾ?" ಎಂದನೊಬ್ಬ. ಮರುದಿನ ಒಲೆಯ ಸುತ್ತ ತಗಡು ಬಂತು. ಅತ್ತೆಯೂ ಬಂದರು. ನಿಂಬೆಹಣ್ಣು ಹಿಂಡುತ್ತ, ಮೈದಾನದಲ್ಲಿ ಕಾರು ತಿರುಗಿಸುವಾಗ ಯಾರು ಕಂಬಕ್ಕೆ ಗುದ್ದುತ್ತಾರೆಂದು ಮೊದಲೇ ಹೇಳತೊಡಗಿದರು.

ಐದನೆಯ ದಿನ ಪರೀಕ್ಷೆಗೆ ಬಂದ ಶಾಲೆಯ ಮೇಷ್ಟರೊಬ್ಬರು ಬ್ರೇಕ್ ಎಂದುಕೊಂಡು ಬೇರೇನನ್ನೋ ತುಳಿದರು. ಕಾರು ಹಿಮ್ಮುಖವಾಗಿ ನುಗ್ಗಿ, ಗೇಟು ದಾಟಿ, ಗಾಡಿಗೇ ಬಡಿಯಿತು. ಪಾತ್ರೆ ಮಗುಚಿ ಜೋಳವೆಲ್ಲ ಮಣ್ಣುಪಾಲು. ಜಗಳ ನೋಡಲು ಜನ ಸೇರಿದರು. ಗುಂಡಿ ಅಕ್ಕನಿಗೂ ಸಿಟ್ಟು ನೆತ್ತಿಗೇರಿತ್ತು. ಆದರೆ ಇಳಿದುಬಂದ ಮೇಷ್ಟರು ಮಣ್ಣಿಗೆ ಬಿದ್ದ ಕಾಳನ್ನು ಒಂದೊಂದಾಗಿ ಆಯತೊಡಗಿದರು. ಆಕೆ ಸ್ಟೂಲು ಎಳೆದು ಕೂರಿಸಿದಳು.

"ಮೊದ್ಲು ನೀರು ಕುಡೀರಿ ಮೇಷ್ಟ್ರೇ. ಆಮೇಲೆ ಚಕ್ರ ಸರಿ ಮಾಡೋಕೆ ಒಂದು ಕೈ ಹಾಕಿ."

ಮೇಷ್ಟರ ಜೊತೆ, ಸಾಲಿನಲ್ಲಿದ್ದ ಇನ್ನೂ ನಾಲ್ವರು ಕೈಹಾಕಿದರು. ಸೊಟ್ಟಗಾದ ಚಕ್ರ ನೆಟ್ಟಗಾಯಿತು. ಚೀಲದಲ್ಲಿ ಉಳಿದಿದ್ದ ಕಾಳು ಬೇಯುವವರೆಗೂ ಒಬ್ಬರೂ ಕದಲಲಿಲ್ಲ. "ಇಡೀ ಸಾಲಿಗೂ ಒಂದೊಂದು ಪೊಟ್ಟಣ ಕೊಡಮ್ಮ," ಎಂದರು ಮೇಷ್ಟರು, "ಫೇಲಾಗಿದ್ದು ನಾನು, ದುಡ್ಡೂ ನಂದೇ!"

ಸುದ್ದಿ ಊರೆಲ್ಲ ಹಬ್ಬಿತು. ಕಾರು ಗುದ್ದಿದ ಗಾಡಿ ನೋಡಲೆಂದೇ ಬಂದವರೂ ತಿಂದು ಹೋದರು. ತಿಂಗಳೊಳಗೆ ಮಧ್ಯಾಹ್ನಕ್ಕೆ ಮುಂಚೆಯೇ ಪಾತ್ರೆಯ ತಳ ಕಾಣತೊಡಗಿತು.

ಈಗ ಗುಂಡಿ ಅಕ್ಕ ಎರಡನೆಯ ಗಾಡಿಗೆ ಜಾಗ ನೋಡಿದ್ದಾಳೆ. ಅದನ್ನು ನಡೆಸುವವಳು ಕಾರ್ಖಾನೆಯಲ್ಲಿ ಪಕ್ಕದ ಯಂತ್ರದಲ್ಲಿ ಕಾಲರ್ ಹೊಲಿಯುತ್ತಿದ್ದ ಗೆಳತಿ. ನಿಲ್ಲುವುದು ರಕ್ತ ಪರೀಕ್ಷೆಯ ಲ್ಯಾಬಿನ ಎದುರು. "ಅಲ್ಲಿಗೆ ಬರೋರೆಲ್ಲ ಖಾಲಿ ಹೊಟ್ಟೆ ಕಣೇ," ಎನ್ನುತ್ತಾಳೆ ಗುಂಡಿ ಅಕ್ಕ ಗೆಳತಿಗೆ, ಜೋಳ ಸುಲಿಯುತ್ತ.