ನನ್ನ ಹಾಡು, ಅವಳ ಮುಖ

ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಕೂರುವ ಓರಗಿತ್ತಿಯ ಮುಖ ನೋಡಲು ನಾನು ಬಸ್ಸು ಹತ್ತಿ ಸಕಲೇಶಪುರಕ್ಕೆ ಹೋಗಬೇಕಾಯಿತು. ಅವಳು ಅಳುವ ವಿಡಿಯೋ ನೆಟ್ಟಿನಲ್ಲಿ ಬಂದಿತ್ತು, ಊರವರೆಲ್ಲ ನೋಡಿದ್ದರು, ನಾನೊಬ್ಬಳೇ ನೋಡಿರಲಿಲ್ಲ.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಯಾರೋ ಒಂದು ಹಾಡನ್ನು ಮೊದಲ ಸಲ ಕೇಳುವಾಗ ಅವರ ಮುಖ ಹೇಗಾಗುತ್ತದೆ ಎಂದು ತೋರಿಸುವ ವಿಡಿಯೋಗಳನ್ನು ನನ್ನ ಮೈದುನ ಎಲ್ಲೋ ಕಂಡಿದ್ದನಂತೆ. ಕ್ಯಾಮೆರಾ ಇರುವ ಮೊಬೈಲನ್ನು ಹೊಸದಾಗಿ ತಂದಿದ್ದ. ಹೆಂಡತಿಯನ್ನು ಜಗಲಿಯಲ್ಲಿ ಕೂರಿಸಿ, ಟೇಪ್‌ರೆಕಾರ್ಡರ್ ಹಾಕಿ, ಅವಳು ಕೇಳುವುದನ್ನು ತೆಗೆದು ನೆಟ್ಟಿಗೆ ಏರಿಸಿದ. ಟೇಪಿನಲ್ಲಿದ್ದ ಹಾಡು ನನ್ನದು.

ನನ್ನದು ಎಂದರೆ ಪದ ಅಜ್ಜಿಯದು, ದನಿ ನನ್ನದು. ತವರು ಬಿಟ್ಟು ಹೊರಟ ಮಗಳ ಪದ ಅದು. ಅಜ್ಜಿ ರಾಗಿ ಬೀಸುತ್ತಾ ಹಾಡುತ್ತಿದ್ದಳು. ಮದುವೆಗಳಲ್ಲಿ ಹೆಣ್ಣೊಪ್ಪಿಸುವ ಹೊತ್ತಿಗೆ ಅದನ್ನು ಹಾಡಲು ನನ್ನನ್ನೇ ಕರೆಯುತ್ತಿದ್ದರು. ತೊಂಬತ್ತರ ದಶಕದಲ್ಲಿ ಹೆಗ್ಗದ್ದೆಯ ಒಂದು ಮದುವೆಯಲ್ಲಿ ನೆಂಟರೊಬ್ಬರು ಅದನ್ನು ಕ್ಯಾಸೆಟ್ಟಿಗೆ ಹಿಡಿದು ನಮಗೂ ಒಂದು ಕೊಟ್ಟಿದ್ದರು. ಹಿಂದೆ ಪಾತ್ರೆಗಳ ಸದ್ದು, ಯಾರದೋ ಕೆಮ್ಮು ಎಲ್ಲ ಸೇರಿಕೊಂಡಿದೆ.

ಸಕಲೇಶಪುರದ ಸೈಬರ್ ಸೆಂಟರಿನ ಹೆಂಗಸು ನನ್ನ ಕಿವಿಗೆ ಹೆಡ್‌ಫೋನ್ ಹಾಕಿ ವಿಡಿಯೋ ಹಚ್ಚಿದಳು. ಅದು ನಿಂತು ನಿಂತು ಓಡಿತು. ಓರಗಿತ್ತಿ ತಲೆ ಬಾಚಿ, ಹಸಿರು ಸೀರೆ ಉಟ್ಟು ಕೂತಿದ್ದಳು. "ಇದೇ ಮೊದ್ಲು ನಾನು ಈ ಹಾಡು ಕೇಳ್ತಿರಾದು" ಎಂದಳು. ಹಾಡು ಶುರುವಾಯಿತು. ಮಗಳು ಹೊಸಿಲು ದಾಟುವ ಸಾಲು ಬಂದಾಗ ಅವಳ ಗಲ್ಲ ಅದುರಿತು. ಆಮೇಲೆ ಕಣ್ಣು ತುಂಬಿ, ಒರೆಸಿಕೊಳ್ಳದೆ ಹಾಗೇ ಕೂತಳು.

ಕೆಳಗೆ ಜನ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಆ ಹೆಂಗಸು ಓದಿ ಹೇಳಿದಳು. ಎಂಥ ಕಣ್ಣು, ಎಂಥ ಮನಸ್ಸು, ಇವರನ್ನು ನೋಡಿ ನಮಗೂ ಅಳು ಬಂತು. ಒಬ್ಬ ಮಾತ್ರ ಹಾಡಿದವರು ಯಾರು ಎಂದು ಕೇಳಿದ್ದ. ಇನ್ನೊಬ್ಬ ಅದಕ್ಕೆ, ಯಾವುದೋ ಹಳೇ ರೇಡಿಯೋದ್ದಿರಬೇಕು ಎಂದು ಉತ್ತರ ಕೊಟ್ಟಿದ್ದ.

ಮೊದಲ ಸಲವಂತೆ! ಅವಳ ಮದುವೆಯಲ್ಲೇ, ಅವಳೆದುರೇ ನಿಂತು ನಾನು ಅದನ್ನು ಹಾಡಿದ್ದೆ. ತವರೂರು ಬಿಸಿಲೆಯಿಂದ ಬಂದಿದ್ದ ಅವಳ ಅವ್ವ, ಚಿಕ್ಕಮ್ಮಂದಿರು ಅತ್ತಿದ್ದರು. ಇವಳು ಮಾತ್ರ ಮರದ ಬೊಂಬೆಯ ಹಾಗೆ ನಿಂತಿದ್ದಳು. ಅಂದು ಬಾರದ ಕಣ್ಣೀರು ಮೊಬೈಲಿನ ಮುಂದೆ ಎಲ್ಲಿಂದ ಬಂತು? ಹಾಗೆಂದುಕೊಳ್ಳುತ್ತಲೇ "ಇನ್ನೊಂದು ಸಲ ಹಾಕಮ್ಮ" ಎಂದೆ. ನನ್ನ ಹಾಡನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ಕೇಳಿದಾಗಲೆಲ್ಲ ಎಲ್ಲಿ ಉಸಿರು ಸಾಲದಾಯಿತು ಎಂಬುದಷ್ಟೇ ಕಾಣುತ್ತಿತ್ತು. ಅವಳ ಮುಖ ನೋಡುತ್ತಾ ಕೇಳಿದಾಗ ಮಾತ್ರ ಹಾಡು ಬೇರೆ ಯಾರದೋ ಅನ್ನಿಸುವಷ್ಟು ಚೆನ್ನಾಗಿತ್ತು. ಅದೇ ನನಗೆ ಇನ್ನಷ್ಟು ಉರಿ ಎಬ್ಬಿಸಿತು.

ಮನೆಗೆ ಬಂದವಳೇ ಕೇಳಿಬಿಟ್ಟೆ. ಅವಳು ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದಳು.

"ಮೊದ್ಲು ಕೇಳ್ತಿರಾದು ಅಂದ್ಯಲ್ಲ, ನಿನ್ ಮದ್ವೇಲಿ ಹಾಡಿದ್ದು ಯಾರೇ ಮಾರಾಯ್ತಿ?"

"ಅವತ್ತು ನಂಗೇನು ಕೇಳಿಸ್ತು ಅಕ್ಕಾ? ಬೆಳಿಗ್ಗಿಂದ ಹೊಟ್ಟೇಲಿ ಏನೂ ಇರ್ನಿಲ್ಲ, ಕಿವಿ ಗುಂಯ್ ಅಂತಿತ್ತು. ನೀವು ಬಾಯಿ ಆಡ್ಸಿದ್ದು ಕಂಡ್ತು, ಅಷ್ಟೆ."

"ಅಳಾಕೆ ಅವ್ನೇ ಹೇಳ್ಕೊಟ್ನಾ?"

ಅವಳು ಸೊಪ್ಪು ಕೆಳಗಿಟ್ಟಳು. "ಇಲ್ಲ ಕಣಕ್ಕ. ಆದ್ರೆ ಅದು ಎರಡ್ನೇ ಸಲ ತೆಗ್ದಿದ್ದು. ಮೊದ್ಲು ತೆಗ್ದಿದ್ದು ಕತ್ಲೆಯಾಗ್ಬುಟ್ಟಿತ್ತು, ಮುಖಾನೇ ಕಾಣ್ನಿಲ್ಲ. ಎರಡ್ನೇ ಸಲ ಅಳು ಬರ್ದಿದ್ರೆ ಏನಪ್ಪಾ ಅಂತ ಹೆದ್ರಿಕೆ ಇತ್ತು. ಬಂದ್ಬುಡ್ತು."

ಇದನ್ನು ನಿಜ ಎನ್ನಲೋ ಸುಳ್ಳು ಎನ್ನಲೋ ನನಗೆ ತಿಳಿಯಲಿಲ್ಲ. ಜಗಳಕ್ಕೆಂದು ಬಂದವಳು ಅವಳು ಕೆಳಗಿಟ್ಟ ಸೊಪ್ಪನ್ನೇ ಎತ್ತಿಕೊಂಡು ಬಿಡಿಸತೊಡಗಿದೆ.

ಒಳಗಿದ್ದ ಮೈದುನನಿಗೆ ಇದು ಕೇಳಿಸಿತೋ ಏನೋ, ಮಾರನೇ ದಿನ "ಅತ್ತಿಗೆ, ನೀವು ಎದ್ರುಗೇ ಕೂತು ಹಾಡಿ, ಇವ್ಳು ಕೇಳ್ಲಿ, ಇಬ್ರುನೂ ತೆಗೀತೀನಿ" ಎಂದು ಕರೆದ. ನಾನು ಬೇಡ ಎನ್ನಲಿಲ್ಲ. ಒಳಗೆ ಹೋಗಿ ಒಳ್ಳೆಯ ಸೀರೆ ಉಟ್ಟುಕೊಂಡೇ ಬಂದೆ.

ಹಾಡಲು ಶುರು ಮಾಡಿದೆ. ಆದರೆ ನನ್ನ ಕಣ್ಣೆಲ್ಲ ಅವಳ ಮುಖದ ಮೇಲೆ. ಈಗ ಅಳುತ್ತಾಳೆ, ಈ ಸಾಲಿಗೆ ಅಳುತ್ತಾಳೆ ಎಂದು ಕಾಯುತ್ತಾ ಹಾಡಿದೆ. ಅವಳ ಕಣ್ಣು ಒಣಗಿಯೇ ಇತ್ತು. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಹೊಸಿಲಿನ ಸಾಲು ಮುಗಿದದ್ದೇ ಮುಂದಿನದು ನನಗೆ ಮರೆತುಹೋಯಿತು. ಇಪ್ಪತ್ತು ವರ್ಷ ಹಾಡಿದ ಪದ, ಒಂದಕ್ಷರ ಬಾಯಿಗೆ ಬರಲೊಲ್ಲದು. ಆಗ ಅವಳೇ ಸಣ್ಣ ದನಿಯಲ್ಲಿ ಆ ಸಾಲು ಎತ್ತಿದಳು. ತಪ್ಪಿಲ್ಲ, ತಾಳವೂ ಸರಿ. ಅಜ್ಜಿ ಎಳೆಯುತ್ತಿದ್ದ ಕಡೆಯೇ ಎಳೆದಳು. ಕ್ಯಾಸೆಟ್ಟನ್ನು ಯಾವಾಗ ಅಷ್ಟು ಸಲ ಕೇಳಿದ್ದಳೋ. ನಾನು ಸೇರಿಕೊಂಡೆ, ಇಬ್ಬರೂ ಮುಗಿಸಿದೆವು.

"ಸೂಪರ್ ಆಗೈತೆ ಅತ್ತಿಗೆ" ಎಂದ ಮೈದುನ.

"ಅದನ್ನ ಎಲ್ಲೂ ಹಾಕ್ಬ್ಯಾಡ" ಎಂದೆ. ಅವಳ ಕಣ್ಣೀರಿಗೆ ಪಟ್ಟ ಹೊಟ್ಟೆಕಿಚ್ಚನ್ನಾದರೂ ಹೇಗೋ ತಡೆದುಕೊಂಡಿದ್ದೆ. ಅವಳ ಕಂಠ ನನ್ನದಕ್ಕಿಂತ ಎಳೆಯದು, ತಿಳಿಯಾದದ್ದು. ಅದು ತಡೆಯುವಂಥದ್ದಾಗಿರಲಿಲ್ಲ.

ಅವನು ಹಾಕಲಿಲ್ಲ. ಆದರೆ ಮುಂದಿನ ಬೇಸಿಗೆಯಲ್ಲಿ ಆಲೂರಿನ ಕಡೆಯ ಮದುವೆಗೆ ಕರೆಯಲು ಬಂದವರು "ಆ ವಿಡಿಯೋದಲ್ಲಿದ್ದ ನಿಮ್ಮ ಓರಗಿತ್ತೀನೂ ಕರ್ಕೊಂಡು ಬನ್ನಿ" ಎಂದರು. ಕರೆದುಕೊಂಡು ಹೋದೆ. ಹಾಡಲು ನಿಂತಾಗ ಪಕ್ಕಕ್ಕೆ ಕರೆದು "ದನಿ ಸೇರ್ಸು" ಎಂದದ್ದೂ ನಾನೇ. ಯಾಕೆ ಹಾಗಂದೆನೋ. ನಾನೊಬ್ಬಳೇ ಹಾಡಿದರೆ ಜನ ಮತ್ತೆ ಅವಳ ಮುಖವನ್ನೇ ನೋಡುತ್ತಾ ಕೂರುತ್ತಾರೆ ಎಂಬ ಭಯವೂ ಇತ್ತು.

ಊಟದ ಹೊತ್ತಿಗೆ ಹೆಂಗಸರು ಅವಳ ಕೈ ಹಿಡಿದು ಮಾತಾಡಿಸಿದರು. ಒಬ್ಬ ಮುದುಕಿ ಮಾತ್ರ ನನ್ನ ಬಳಿ ಬಂದು "ಚೆನ್ನಾಗಿ ಕಲ್ಸಿದೀಯ ಕಣವ್ವ" ಎಂದಳು. ನಾನು ಕಲಿಸಿರಲಿಲ್ಲ. ಆದರೂ ಹೂಂ ಎಂದು ತಲೆಯಾಡಿಸಿದೆ.