ಈ ಹಿತ್ತಿಲಲ್ಲಿ ಚಿನ್ನ ಇಲ್ಲ

ಹಳೇ ರೇಡಿಯೋ ರಿಪೇರಿಯವನಿಗೆ ಜನ ಇಟ್ಟ ಹೆಸರು ಕುಂಯ್ ಮಾಮ. ಅಂಗಡಿ ಮುಚ್ಚಿದ ಮೇಲೆ ಲೋಹ ಹುಡುಕುವ ಯಂತ್ರವೊಂದನ್ನು ಕೊಂಡಿದ್ದ. ಉದ್ದನೆಯ ಕೋಲು, ತುದಿಗೊಂದು ತಟ್ಟೆ. ನೆಲದಡಿ ಲೋಹವಿದ್ದರೆ ಕುಂಯ್ ಎನ್ನುತ್ತಿತ್ತು. ಯಾರ ಉಂಗುರ, ಓಲೆ ಕಳೆದರೂ ಮಾಮನಿಗೆ ಕರೆ. ಸಿಕ್ಕಿದ್ದನ್ನು ಸುಮ್ಮನೆ ಕೊಡುವ ಆಸಾಮಿಯಲ್ಲ; ಗುರುತು ಹೇಳಿಸಿಯೇ ಮುಷ್ಟಿ ಬಿಚ್ಚುತ್ತಿದ್ದ. ಅವನು ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಆ ಹೊಗಳಿಕೆಗೆ ಅವನೂ ಉಬ್ಬಿದ್ದ, ಸುಳ್ಳೇಕೆ?

ಹಲ್ಲಿನ ಡಾಕ್ಟರ ಹೆಂಡತಿಯ ಚಿನ್ನದ ಎಳೆ ಸರ ಹಿತ್ತಿಲಲ್ಲಿ ಕಳೆದಾಗ, ಅಲ್ಲಿ ಹಿಂದಿನ ದಿನವಷ್ಟೇ ನೆಂಟರ ಊಟವಾಗಿತ್ತು. ಹುಲ್ಲಿನ ತುಂಬ ಚಾಕಲೇಟಿನ ಬೆಳ್ಳಿಕಾಗದ. ಹೆಜ್ಜೆಗೊಂದು ಕುಂಯ್ ಕೇಳಿ ಮಾಮನ ತಲೆ ಕೆಟ್ಟಿತು. ಸಣ್ಣ ಸದ್ದುಗಳನ್ನು ಅಡಗಿಸುವ ಬಟನ್ ಒತ್ತಿದ. ಎಳೆ ಸರದ ಸದ್ದೂ ಅಷ್ಟೇ ಸಣ್ಣದೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಒತ್ತಿದ. ಅರ್ಧ ಗಂಟೆ ಸುತ್ತಿ, "ಈ ಹಿತ್ತಿಲಲ್ಲಿ ಚಿನ್ನ ಇಲ್ಲಮ್ಮ" ಎಂದು ಕೈ ತೊಳೆದುಕೊಂಡ. ಮಾರನೇ ದಿನ ಆ ಮನೆಯ ಅಡುಗೆಯವಳಿಗೆ ಕಳ್ಳಿಯೆಂಬ ಹೆಸರು ಬಂತು, ಕೆಲಸ ಹೋಯಿತು. ಅವಳು ಲಾಂಡ್ರಿಯೊಂದರಲ್ಲಿ ಇಸ್ತ್ರಿಗೆ ಸೇರಿದಳು. ಮಾಮ ಆ ಲಾಂಡ್ರಿಯ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟ.

ಎರಡು ವರ್ಷದ ಬಳಿಕ ಅದೇ ಮನೆಯವರು, ಮಣ್ಣಲ್ಲಿ ಹೂತುಹೋದ ಪೈಪಿನ ಕಬ್ಬಿಣದ ಮುಚ್ಚಳ ಹುಡುಕಲು ಕರೆದರು. ಈ ಸಲ ಬಟನ್ ಒತ್ತಿರಲಿಲ್ಲ. ಬಟ್ಟೆ ಒಣಹಾಕುವ ತಂತಿಯ ಕೆಳಗೆ ಸೊಳ್ಳೆ ಹಾರಿದಷ್ಟು ಸದ್ದು. ಎರಡು ಬೆರಳಷ್ಟು ಅಗೆದರೆ ಸರ. ಮುರಿದ ಕೊಂಡಿ, ತುದಿ ಸೊಟ್ಟಗಾದ ಎಲೆ ಪದಕ. ಅಂದು ಡಾಕ್ಟರ ಹೆಂಡತಿ ಹೇಳಿದ್ದ ಗುರುತೇ. ನನ್ನ ಸೋಮಾರಿತನಕ್ಕೆ ಒಬ್ಬಳನ್ನು ಕಳ್ಳಿ ಮಾಡಿದೆನಲ್ಲ ಎಂದು ಮಾಮನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಆ ಅಡುಗೆಯವಳು?" ಎಂದ.

"ಅಯ್ಯೋ, ಅದೆಲ್ಲ ಹಳೇ ಕತೆ ಬಿಡಿ" ಎನ್ನುತ್ತ ಡಾಕ್ಟರ ಹೆಂಡತಿ ಸರ ತೊಳೆಯಲು ಒಳಗೆ ಹೋದಳು.

ಮಾಮ ನೇರ ಲಾಂಡ್ರಿಗೆ ನಡೆದ. ಬಟನ್ ಒತ್ತಿದ್ದನ್ನೂ ಮುಚ್ಚಿಡದೆ ಅಡುಗೆಯವಳಿಗೆ ಎಲ್ಲ ಹೇಳಿದ. ಬೈಯಲಿ, ಇಸ್ತ್ರಿಪೆಟ್ಟಿಗೆಯನ್ನೇ ಎಸೆಯಲಿ ಎಂದು ಕಾದು ನಿಂತ.

"ಆವತ್ತು ಅಲ್ಲಿ ಬಟ್ಟೆ ಒಣಹಾಕಿದ್ದು ನನ್ನ ಜೊತೆ ಕೆಲಸಕ್ಕೆ ಬಂದಿದ್ದ ಮಗಳು" ಎಂದಳು ಅವಳು. "ನೀವು ಇಲ್ಲ ಅಂದ್ರಲ್ಲ, ಮನೆಗೆ ಹೋಗಿ ಅವಳ ಪೆಟ್ಟಿಗೆ ಜಾಲಾಡ್ದೆ. ಹೊಡೆದೆ. ಅವಳು ಚಿಕ್ಕಮ್ಮನ ಮನೆ ಸೇರ್ಕೊಂಡ್ಲು. ಇವತ್ತಿಗೂ ನನ್ನ ಹತ್ರ ಮಾತಿಲ್ಲ. ಬನ್ನಿ, ಅವಳಿಗೇ ಹೇಳಿ."

ಎರಡು ಬೀದಿ ದಾಟಿ ಹೋದರು. ಮಗಳು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡಳು. "ತಪ್ಪೆಲ್ಲ ನನ್ನದೇ ಕಣಮ್ಮ" ಎಂದ ಮಾಮ. ಅವಳು ಅವನತ್ತ ತಿರುಗಲೂ ಇಲ್ಲ.

"ಅಮ್ಮಾ, ಆವಾಗ ಇವರು ಹೇಳಿದ್ರು ಅಂತ ನನ್ನ ಕಳ್ಳಿ ಅಂದೆ. ಈಗ ಇವರು ಹೇಳಿದ್ರು ಅಂತ ಅಲ್ಲ ಅಂತೀಯ. ನಾನು ಹೇಳಿದ್ದನ್ನ ಯಾವಾಗ ನಂಬ್ತೀಯ?"

ಅಡುಗೆಯವಳು ಉತ್ತರಕ್ಕಾಗಿ ಮತ್ತೆ ಮಾಮನ ಮುಖವನ್ನೇ ನೋಡಿದಳು.